ಬಿಚ್ಚಲೇಬೇಕಾದ ಹೊಲಿಗೆ

ಟ್ಯಾಕ್ಸಿ ಚಾಲಕರ ಸಂಘದ ಮಾನ್ಯ ಅಧ್ಯಕ್ಷರೇ, ಅವರ ಪಕ್ಕದಲ್ಲಿ ಕುಳಿತು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಸಾರಿಗೆ ಅಧಿಕಾರಿಗಳೇ, ಕುಳ್ಳಿಯಾದ ನನ್ನನ್ನು ಇಷ್ಟೆತ್ತರದ ಮೈಕಿನ ಮುಂದೆ ನಿಲ್ಲಿಸಿ ತಮಾಷೆ ನೋಡುತ್ತಿರುವ ಕಾರ್ಯದರ್ಶಿಗಳೇ, ಊಟದ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ಏಳದೆ ಕುಳಿತಿರುವ ಸಭಿಕರೇ, ಕುರ್ಚಿ ಸಿಗದೆ ಹಿಂದೆ ಗೋಡೆಗೆ ಒರಗಿ ನಿಂತಿರುವ ಚಾಲಕ ಬಂಧುಗಳೇ, ಮತ್ತು ಮೊದಲ ಸಾಲಿನಲ್ಲಿ ಕುಳಿತು "ಎರಡು ಮಾತಾಡಿ ಇಳಿದುಬಿಡು" ಎಂದು ಕಣ್ಣಲ್ಲೇ ಹೇಳುತ್ತಿರುವ ನಮ್ಮ ಯಜಮಾನರೇ, ನಿಮಗೆಲ್ಲ ವಂದನೆಗಳು.

ಎರಡು ಮಾತಿನಲ್ಲಿ ಮುಗಿಯುವುದಿಲ್ಲ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅರ್ಧ ಆಯುಸ್ಸು ಕಳೆದವಳು ನಾನು. ಗಿರಾಕಿಗಳು ಏನು ಹೇಳಿದರೂ "ಊಂ" ಅನ್ನುವುದಷ್ಟೇ ನನ್ನಿಂದ ಆಗುತ್ತಿತ್ತು. ಇವತ್ತು ಬಾಯಿ ಖಾಲಿಯಿದೆ, ಮೈಕು ಮುಂದಿದೆ. ಕರೆದವರು ನೀವು, ಅನುಭವಿಸುವವರೂ ನೀವೇ.

ಮೊದಲು ಈ ಫಲಕದ ವಿಷಯ. ಕನ್ನಡಕ ಹಾಕಿಕೊಂಡು ಓದುತ್ತೇನೆ, ಕೇಳಿ. "ಸಂಘದ ಎಲ್ಲ ಕಾರುಗಳಿಗೂ ಸೀಟ್ ಕವರ್ ಹೊಲಿದುಕೊಟ್ಟು, ವರ್ಷವಿಡೀ ಒಂದು ಹೊಲಿಗೆಯೂ ಬಿಚ್ಚದಂತೆ ಕೆಲಸದ ಗುಣಮಟ್ಟ ಕಾಪಾಡಿದ್ದಕ್ಕಾಗಿ." ಎಷ್ಟು ಚೆಂದ ಬರೆಸಿದ್ದೀರಿ. ಅಕ್ಷರಗಳು ಮಿರಮಿರ ಮಿಂಚುತ್ತಿವೆ. ಹೋದ ವಾರ ಅಧ್ಯಕ್ಷರು ಅಂಗಡಿಗೆ ಬಂದು ಸುದ್ದಿ ಹೇಳಿದಾಗ ನಾನು ಖುಷಿಯಲ್ಲಿ ರೆಕ್ಸಿನ್ನನ್ನು ಉಲ್ಟಾ ಕತ್ತರಿಸಿಬಿಟ್ಟೆ. ಆದರೆ ಅಧ್ಯಕ್ಷರೇ, ಇದನ್ನು ನಾನು ತೆಗೆದುಕೊಳ್ಳುವುದಿಲ್ಲ. ದಯವಿಟ್ಟು ಕುಳಿತುಕೊಳ್ಳಿ, ಗಾಬರಿಯಾಗಬೇಡಿ, ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಇಗೋ, ನಿಮ್ಮ ಮೇಜಿನ ಮೇಲೇ ಇಡುತ್ತಿದ್ದೇನೆ. ಇದರಲ್ಲಿ ಬರೆದಿರುವುದು ನಿಜವಾಗಿರಬಾರದಿತ್ತು. ಒಂದು ಹೊಲಿಗೆಯೂ ಬಿಚ್ಚಿಲ್ಲ ಎಂದರೆ ಈ ಊರಿನ ಟ್ಯಾಕ್ಸಿಗಳಲ್ಲಿ ಏನೋ ಕೆಟ್ಟಿದೆ ಎಂದು ಅರ್ಥ. ಹೊರಗೆ ಮೈದಾನದಲ್ಲಿ ಸಾಲಾಗಿ ನಿಂತಿವೆಯಲ್ಲ ನಿಮ್ಮ ಕಾರುಗಳು, ಅವುಗಳಲ್ಲಿ ಬಹುಪಾಲು ಅಪಾಯದಲ್ಲಿವೆ. ಅಂಥದೇ ಒಂದು ಕಾರಿನಲ್ಲಿ ನನ್ನ ಬಸುರಿ ಮಗಳು ದಿನಾ ಕೆಲಸಕ್ಕೆ ಹೋಗಿಬರುತ್ತಾಳೆ. ಹಾಗಾಗಿ ಇವತ್ತು ನಾನು ಪೂರ್ತಿ ಹೇಳಿಯೇ ಇಳಿಯುವವಳು.

ಸ್ವಲ್ಪ ಹಿಂದಿನಿಂದ ಬರಬೇಕು. ನನಗೆ ಹೊಲಿಗೆ ಕಲಿಸಿದವರು ನಮ್ಮ ಮಾವನವರು. ಅವರದು ಸೋಫಾ, ಹಾಸಿಗೆಗಳ ಅಂಗಡಿ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಹೊಲಿದುಕೊಟ್ಟ ಪ್ರತಿ ತುಂಡನ್ನೂ ಅವರು ಎರಡು ಕೈಯಲ್ಲಿ ಹಿಡಿದು, ಕಾಲನ್ನು ಗೋಡೆಗೆ ಒತ್ತಿ ಎಳೆಯುತ್ತಿದ್ದರು. ದಾರ ಕಿತ್ತರೆ ಒಂದು ಮಾತೂ ಆಡದೆ ಅದನ್ನು ನನ್ನ ತೊಡೆಯ ಮೇಲೆ ಹಾಕಿ ಹೋಗುತ್ತಿದ್ದರು. ಬೈದಿದ್ದರೆ ಸಹಿಸಬಹುದಿತ್ತು, ಆ ಮೌನ ಇದೆಯಲ್ಲ, ಅದು ಕಷ್ಟ. ಕೊನೆಗೆ ಒಂದು ದಿನ ಅವರು ಎಳೆದರು, ರೆಕ್ಸಿನ್ ಹರಿಯಿತು, ಹೊಲಿಗೆ ಹರಿಯಲಿಲ್ಲ. ಅವತ್ತಿನಿಂದ ನಾನು ತಲೆಯೆತ್ತಿ ನಡೆಯುತ್ತಿದ್ದೇನೆ. ನನ್ನ ಹೊಲಿಗೆ ಬಿಡುವುದಿಲ್ಲ ಎಂದು ಹೇಳಿಕೊಳ್ಳುವುದು ನನಗೆ ಚಟವಾಗಿಬಿಟ್ಟಿತು. ಮಗಳು ಹೇಳುತ್ತಾಳೆ, ನಾನು ನಿದ್ದೆಯಲ್ಲೂ ಅದನ್ನೇ ಹೇಳುತ್ತೇನಂತೆ.

ಯಜಮಾನರು ಟ್ಯಾಕ್ಸಿ ಓಡಿಸಲು ಶುರು ಮಾಡಿದ ಮೇಲೆ ನಾನು ಸೋಫಾ ಬಿಟ್ಟು ಕಾರಿನ ಸೀಟಿಗೆ ಬಂದೆ. ಅವರ ಅಪಘಾತ ನಿಮಗೆಲ್ಲ ಗೊತ್ತು. ಎದುರಿನಿಂದ ಬಂದ ವ್ಯಾನ್ ನೇರ ಗುದ್ದಿತು. ಇವರು ಬೆಲ್ಟ್ ಹಾಕಿದ್ದರು, ಏಕೆಂದರೆ ಹಾಕದಿದ್ದರೆ ಮನೆಗೆ ಬಂದಾಗ ನಾನಿರುತ್ತೇನೆ. ಸ್ಟೇರಿಂಗಿನಿಂದ ಏರ್‌ಬ್ಯಾಗ್ ಬಂತು, ಮುಖ ಹಿಡಿದುಕೊಂಡಿತು, ಜೀವ ಉಳಿಯಿತು. ಆದರೆ ಕನ್ನಡಕ ಒಡೆಯಿತು. ಒಂದು ತಿಂಗಳು ಈ ಮನುಷ್ಯರು ಆ ಕನ್ನಡಕಕ್ಕಾಗಿ ಗೋಳಾಡಿದ್ದನ್ನು ನೀವು ಕೇಳಬೇಕಿತ್ತು. ಮುಖ ಉಳಿದಿದೆಯಲ್ಲ, ಅದರ ಮೇಲೆ ಇನ್ನೊಂದು ಕನ್ನಡಕ ಇಟ್ಟರಾಯಿತು ಎಂದು ನಾನು ಹೇಳಿ ಹೇಳಿ ಸಾಕಾಯಿತು. ನಗಬೇಡಿ, ಇವತ್ತಿಗೂ ಆ ಕನ್ನಡಕದ ಸುದ್ದಿ ಬಂದರೆ ನಿಟ್ಟುಸಿರು ಬಿಡುತ್ತಾರೆ.

ಮುಂದಿನಿಂದ ಬಿದ್ದ ಪೆಟ್ಟಿಗೆ ಬೆಲ್ಟ್ ಇತ್ತು, ಚೀಲ ಇತ್ತು. ಹಿಂದಿನಿಂದ ಬಂದ ಪೆಟ್ಟಿಗೆ ಏನೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಕುಳಿತಿದ್ದರು. ಒಳ್ಳೆಯ ಮನುಷ್ಯ, ದಪ್ಪ ಆಳು. ಹಿಂದೆ ಕೂರುವವರಿಗೆ ಬೆಲ್ಟ್ ಯಾತಕ್ಕೆ ಎಂದು ಅದರ ಮೇಲೇ ಕುಳಿತಿದ್ದರು. ಕಾರು ನಿಂತಿತು, ಅವರು ನಿಲ್ಲಲಿಲ್ಲ. ಅವರ ಮಂಡಿ ನಮ್ಮ ಯಜಮಾನರ ಸೀಟಿನ ಬೆನ್ನಿಗೆ ಬಂದು ನುಗ್ಗಿತು. ವ್ಯಾಪಾರಿಗೆ ಮಂಡಿ ಹೋಯಿತು, ಇವರಿಗೆ ಸೊಂಟ ಹೋಯಿತು. ಗಾಡಿ ಓಡಿಸುವುದನ್ನು ಅಂದಿಗೆ ಬಿಟ್ಟರು. ಹಿಂದೆ ಕುಳಿತವರಿಗೆ ಬೆಲ್ಟ್ ಯಾಕೆ ಎಂದು ಇನ್ನೂ ಕೇಳುವವರಿದ್ದರೆ ನನ್ನನ್ನು ಕೇಳಬೇಡಿ, ನಮ್ಮ ಯಜಮಾನರ ಸೊಂಟವನ್ನು ಕೇಳಿ. ಅದು ಮೋಡ ಕವಿದ ದಿನಗಳಲ್ಲಿ ವಿವರವಾಗಿ ಉತ್ತರ ಕೊಡುತ್ತದೆ.

ಅಂದಿನಿಂದ ನಾನು ಹಿಂದಿನ ಸೀಟಿನ ಕವರಿಗೆ ಬಕಲ್ ಮೇಲೆ ಬರುವಂತೆ ಕಿಂಡಿ ಬಿಟ್ಟೇ ಹೊಲಿಯುತ್ತೇನೆ. ನೀವೇನು ಮಾಡುತ್ತೀರಿ? ಪ್ರಯಾಣಿಕರಿಗೆ ಚುಚ್ಚುತ್ತದೆ ಎಂದು ಮತ್ತೆ ಅದನ್ನು ಒಳಗೆ ತಳ್ಳುತ್ತೀರಿ. ಬೆಲ್ಟ್ ಹಾಕದಿದ್ದರೆ ಕಾರು ಕುಂಯ್ ಕುಂಯ್ ಅನ್ನುತ್ತದಲ್ಲ, ಅದರ ಬಾಯಿ ಮುಚ್ಚಿಸಲು ಅಂಗಡಿಯಲ್ಲಿ ಸಿಗುವ, ಬೆಲ್ಟೇ ಇಲ್ಲದ ಬರೀ ಕೊಕ್ಕೆಯನ್ನು ತಂದು ಬಕಲ್‌ಗೆ ಸಿಕ್ಕಿಸುತ್ತೀರಿ. ಹೆಸರು ಹೇಳುವುದಿಲ್ಲ, ಆದರೆ ಮೂರನೆಯ ಸಾಲಿನಲ್ಲಿ ಒಬ್ಬರು ಈಗ ಮೊಬೈಲ್ ನೋಡುವ ನಾಟಕ ಮಾಡುತ್ತಿದ್ದಾರೆ. ಏರ್‌ಬ್ಯಾಗ್ ಇದೆಯಲ್ಲ, ಬೆಲ್ಟ್ ಯಾಕೆ ಎಂದು ನನ್ನ ಹತ್ತಿರವೇ ವಾದ ಮಾಡಿದವರು ಅವರು. ಸ್ವಾಮಿ, ಆ ಚೀಲ ಕಣ್ಣು ಮಿಟುಕಿಸುವುದರೊಳಗೆ ಸಿಡಿದು ಬರುತ್ತದೆ. ಬೆಲ್ಟ್ ನಿಮ್ಮನ್ನು ಹಿಂದಕ್ಕೆ ಹಿಡಿದಿದ್ದರೆ ಅದು ಆಸರೆ. ಹಿಡಿಯದಿದ್ದರೆ ನೀವೂ ಮುಂದಕ್ಕೆ ಹಾರಿರುತ್ತೀರಿ, ಅದೂ ಎದುರು ಹಾರಿ ಬರುತ್ತಿರುತ್ತದೆ, ನಡುವೆ ನಿಮ್ಮ ಕುತ್ತಿಗೆ ಇರುತ್ತದೆ. ಎರಡೂ ಸೇರಿದರೇ ರಕ್ಷಣೆ. ಒಂದನ್ನು ಬಿಟ್ಟು ಇನ್ನೊಂದನ್ನು ನಂಬಬೇಡಿ.

ಆಯಿತು, ಈಗ ಹೊಲಿಗೆಗೆ ಬರುತ್ತೇನೆ. ಸಂಘ ಹೊಸ ಕಾರುಗಳನ್ನು ತಂದಾಗ ಅವುಗಳಲ್ಲಿ ಸೀಟಿನ ಒಳಗೂ ಏರ್‌ಬ್ಯಾಗ್ ಇತ್ತು. ಮುಂದಿನ ಎರಡು ಸೀಟುಗಳ ಬೆನ್ನಿಗೆ, ಬಾಗಿಲ ಕಡೆಯ ಅಂಚಿನಲ್ಲಿ, ಫೋಮ್ ಒಳಗೆ ಮಡಚಿ ಇಟ್ಟಿರುತ್ತಾರೆ. ಪಕ್ಕದಿಂದ ಗಾಡಿ ಬಂದು ಗುದ್ದಿದರೆ ಅದು ಸೀಟಿನ ಪಕ್ಕವನ್ನು ಸೀಳಿಕೊಂಡು ಹೊರಬಂದು, ಬಾಗಿಲಿಗೂ ನಿಮ್ಮ ಪಕ್ಕೆಲುಬಿಗೂ ನಡುವೆ ನಿಲ್ಲಬೇಕು. ಕಾರಿನ ಶೋರೂಮಿನವರು ಕವರ್ ಹೊಲಿಯುವ ನಮ್ಮನ್ನೆಲ್ಲ ಒಂದು ದಿನ ಕರೆದಿದ್ದರು. ಅಂಗಳದಲ್ಲಿ ಹಳೆಯ ಸೀಟುಗಳನ್ನು ಇಟ್ಟು, ನಾವು ಹೊಲಿದ ಕವರುಗಳನ್ನೇ ತೊಡಿಸಿ, ದೂರ ನಿಲ್ಲಿಸಿ ಚೀಲ ಸಿಡಿಸಿ ತೋರಿಸಿದರು. ಬೇರೆಯವರ ಕವರ್ ಹರಿದು ಚೀಲ ಹೇಗೋ ಹೊರಗೆ ಬಂತು. ನನ್ನ ಕವರಿನಲ್ಲಿ? ಬರಲಿಲ್ಲ. ಒಳಗೇ ಉಬ್ಬಿತು, ತಿರುಚಿಕೊಂಡಿತು, ಸೀಟನ್ನೇ ಒಂದು ಕಡೆಗೆ ವಾಲಿಸಿತು. ಅಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ಪೆದ್ದಿ, ಮೆಚ್ಚಿ ನೋಡುತ್ತಿದ್ದಾರೆ ಎಂದುಕೊಂಡೆ. ತರಬೇತಿ ಕೊಡಲು ಬಂದಿದ್ದ ಹುಡುಗಿ ಹತ್ತಿರ ಬಂದು ಮೆಲ್ಲಗೆ, "ಆಂಟಿ, ಇದರಲ್ಲಿ ಕೂತಿದ್ದವರು ಉಳೀತಿರಲಿಲ್ಲ" ಅಂದಳು.

ಅವತ್ತು ನನಗೆ ಊಟ ಸೇರಲಿಲ್ಲ. ಅವಮಾನ ಅಂತಲ್ಲ. ಸರಿ, ಅವಮಾನವೂ ಇತ್ತು. ಮಾರನೆಯ ದಿನದಿಂದ ಆ ಹುಡುಗಿ ಹೇಳಿಕೊಟ್ಟ ಹಾಗೆ ಕಲಿತೆ. ಸೀಟಿನ ಪಕ್ಕದಲ್ಲಿ ಒಂದು ಗೇಣಿನಷ್ಟು ಉದ್ದಕ್ಕೆ ಬೇರೆಯೇ ದಾರ, ಮೆದುವಾದದ್ದು, ಒತ್ತಡ ಬಿದ್ದರೆ ಪಟ್ಟನೆ ಕಿತ್ತುಹೋಗುವಂಥದ್ದು. ಆ ಜಾಗದಲ್ಲಿ ಗಂಟು ಹಾಕುವಂತಿಲ್ಲ, ಮರುಹೊಲಿಗೆ ಹಾಕುವಂತಿಲ್ಲ. ನಿಮಗೆ ಇದು ಸಣ್ಣ ವಿಷಯ. ನನ್ನ ಕೈಯನ್ನು ಕೇಳಿ ನೋಡಿ. ಮಾವನವರು ಹಿಂದೆ ನಿಂತು ನೋಡುತ್ತಿದ್ದಾರೇನೋ ಅನ್ನಿಸಿ, ಪ್ರತಿ ಕವರಿಗೂ ಆ ಒಂದು ಗೇಣು ಹೊಲಿಯುವಾಗ ನಾನು ತಿರುಗಿ ಬಾಗಿಲು ನೋಡುತ್ತಿದ್ದೆ. ಆದರೂ ಹೊಲಿದೆ. ಬಿಚ್ಚಲೆಂದೇ ಹೊಲಿದೆ. ನಿಮ್ಮೆಲ್ಲರ ಕಾರಿಗೂ ಹಾಗೇ ಹೊಲಿದೆ.

ಬಿಚ್ಚಲೆಂದೇ ಹೊಲಿದದ್ದು ಆಗಾಗ ತಾನಾಗಿಯೂ ಬಿಚ್ಚುತ್ತದೆ. ಹತ್ತಿ ಇಳಿಯುವಾಗ ಸೊಂಟ ತಿಕ್ಕುವುದು ಅಲ್ಲಿಗೇ. ಕಾರು ತಗೊಂಡು ಬನ್ನಿ, ಮತ್ತೆ ಮೆದು ದಾರವನ್ನೇ ಹಾಕಿಕೊಡುತ್ತೇನೆ ಎಂದು ಎಲ್ಲರಿಗೂ ಹೇಳಿದ್ದೆ. ಯಾಕೆ ಎಂದೂ ಹೇಳಿದ್ದೆ. ನೀವು ತಲೆಯಾಡಿಸಿದಿರಿ. ಮೊದಮೊದಲು ನಾಲ್ಕು ಜನ ಬಂದರು, ಗೊಣಗಿಕೊಂಡು ಬಂದರು. ಆಮೇಲೆ ಒಂದು ವರ್ಷ ಯಾರೂ ಬರಲಿಲ್ಲ. ಒಬ್ಬರೂ ಬರಲಿಲ್ಲ. ಪರವಾಗಿಲ್ಲ, ಈ ದಾರವೂ ನನ್ನ ಕೈಗೆ ಪಳಗಿತು ಎಂದು ನಾನು ಮತ್ತೆ ಮೀಸೆ ತಿರುವಿದೆ. ಅಷ್ಟರಲ್ಲಿ ಅಧ್ಯಕ್ಷರು ಈ ಸನ್ಮಾನದ ಸುದ್ದಿ ತಂದರು.

ಇಲ್ಲಿ ನಮ್ಮ ಅಳಿಯಂದಿರ ಬಗ್ಗೆ ಒಂದು ಮಾತು ಹೇಳಬೇಕು. ಅವರೂ ನಿಮ್ಮ ಸಂಘದ ಚಾಲಕರೇ, ಸ್ಟ್ಯಾಂಡಿನಲ್ಲಿ ನೀವು ಅವರನ್ನು ಮೌನಿ ಎಂದು ಕರೆಯುತ್ತೀರಿ. ಅವರ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಮಗಳು ತಾನೇ ನೋಡಿ, ತಾನೇ ಒಪ್ಪಿ ಮದುವೆಯಾದಳು. ಸೊಂಟ ಕಳೆದುಕೊಂಡ ಒಬ್ಬ ಚಾಲಕ ಮನೆಯಲ್ಲಿರುವಾಗ ಇನ್ನೊಬ್ಬ ಚಾಲಕ ಬೇಡವಾಗಿತ್ತು ಎಂದು ನಾನು ಅಂದದ್ದು ಹೌದು, ಆದರೆ ಅದು ಅವರ ಮೇಲಿನ ಬೇಸರವಲ್ಲ. ಮದುವೆಯ ದಿನ ನಾನು ಮುಖ ಊದಿಸಿಕೊಂಡಿದ್ದೆ ಎಂದು ಕೆಲವರು ಆಡಿಕೊಂಡರು. ಅದು ಹಲ್ಲುನೋವು. ಮೂರು ವರ್ಷವಾಯಿತು, ಇನ್ನೂ ಹಲ್ಲುನೋವು ಹೋಗಿಲ್ಲವಾ ಎಂದು ನಮ್ಮ ಯಜಮಾನರು ಕೇಳುತ್ತಿರುತ್ತಾರೆ. ಅಳಿಯಂದಿರು ಮನೆಗೆ ಬಂದರೆ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ನಾನು ಮಿಷನ್ನಿಂದ ಏಳುವುದಿಲ್ಲ. ಕೆಲಸ ಇರುತ್ತದೆ. ಅವರು ಸ್ವಲ್ಪ ಹೊತ್ತು ನನ್ನ ಕೈ ನೋಡುತ್ತಾ ಕೂತು, ಚಹಾ ಕುಡಿದು, ಬರ್ತೀನಿ ಅತ್ತೆ ಎಂದು ಹೇಳಿ ಹೋಗುತ್ತಾರೆ. ನನ್ನ ಕೈ ಯಾಕೆ ನೋಡುತ್ತಾರೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ.

ನಿನ್ನೆ ಅವರು ಮಗಳನ್ನೂ ಕಾರನ್ನೂ ನನ್ನ ಅಂಗಡಿಯ ಮುಂದೆ ಬಿಟ್ಟು ಈ ಸಭಾಂಗಣಕ್ಕೆ ಕುರ್ಚಿ ಹಾಕಲು ಬಂದರು. ಮಗಳಿಗೆ ಈಗ ಏಳು ತಿಂಗಳು. ಬೆಲ್ಟ್ ಹೊಟ್ಟೆಗೆ ಒತ್ತುತ್ತದೆ, ಬಿಟ್ಟುಬಿಡಲಾ ಅಂದಳು. ಬಿಡಬಾರದು, ಹಾಕುವ ರೀತಿ ಬೇರೆ ಎಂದು ಅವಳನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ತೋರಿಸಿದೆ. ಇಲ್ಲಿರುವ ಹೆಣ್ಣುಮಕ್ಕಳೂ ಕೇಳಿಸಿಕೊಳ್ಳಿ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಬರಬಾರದು, ಹೊಟ್ಟೆಯ ಕೆಳಗೆ ಸೊಂಟದ ಮೂಳೆಗೆ ತಾಗಿ ಹೋಗಬೇಕು. ಮೇಲಿನ ಪಟ್ಟಿ ಎದೆಯ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಇಳಿಯಬೇಕು. ಸೀಟನ್ನು ಆದಷ್ಟು ಹಿಂದಕ್ಕೆ ಸರಿಸಬೇಕು. ಹಾಗೆ ಸರಿಸಲು ಬಗ್ಗಿದಾಗ ನನ್ನ ಕೈ ಸೀಟಿನ ಪಕ್ಕಕ್ಕೆ ತಾಗಿತು. ನೋಡುವ ಮೊದಲೇ ಬೆರಳಿಗೆ ಗೊತ್ತಾಯಿತು, ಅದು ನನ್ನ ಹೊಲಿಗೆಯಲ್ಲ.

ದಪ್ಪ ನೈಲಾನ್ ದಾರ. ಎರಡೆಳೆ. ಒತ್ತೊತ್ತಾಗಿ, ಒಂದರ ಪಕ್ಕ ಒಂದು, ಕೈಯಲ್ಲೇ ಹಾಕಿದ ಹೊಲಿಗೆ. ಕೆಲಸಗಾರ್ತಿಯಾಗಿ ಹೇಳುತ್ತೇನೆ, ಅಷ್ಟು ಅಚ್ಚುಕಟ್ಟಾದ ಕೈಹೊಲಿಗೆಯನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ. ಎಳೆದೆ. ಮಾವನವರು ಎಳೆಯುತ್ತಿದ್ದ ಹಾಗೆ ಕಾಲು ಒತ್ತಿ ಎಳೆದೆ. ಅಲುಗಲಿಲ್ಲ. ಅದರ ಹಿಂದೆ ಏರ್‌ಬ್ಯಾಗ್ ಇತ್ತು, ಅದರ ಪಕ್ಕದಲ್ಲಿ ನನ್ನ ಮಗಳು ಕುಳಿತಿದ್ದಳು, ಅವಳ ಹೊಟ್ಟೆಯಲ್ಲಿ ಮಗುವಿತ್ತು. ಮೊದಲು ಅವಳನ್ನು ಕೆಳಗಿಳಿಸಿದೆ.

ಯಾರು ಹೊಲಿದದ್ದು ಎಂದು ಮಗಳನ್ನು ಕೇಳಿದೆ. ಗದರಿದ ಮೇಲೆ ಹೇಳಿದಳು. "ಅವರೇ ಹೊಲಿದಿದ್ದು ಅಮ್ಮ, ನೀನು ಬೈಬೇಡ. ನಿಮ್ಮತ್ತೆ ಹೊಲಿಗೆ ಬಾಯಿ ಬಿಡ್ತಿದೆ, ವಯಸ್ಸಾಯ್ತು, ಕಣ್ಣು ಕಾಣ್ಸಲ್ಲ ಅಂತ ಸ್ಟ್ಯಾಂಡಲ್ಲಿ ಎಲ್ಲರೂ ಆಡ್ಕೋತಿದ್ರಂತೆ. ಇವರಿಗೆ ತಡ್ಕೊಳ್ಳೋಕಾಗ್ಲಿಲ್ಲ. ನಿನ್ನ ನೋಡಿ ನೋಡಿ ಕಲ್ತಿದ್ರು. ಯಾರ್ಯಾರ ಕಾರಲ್ಲಿ ಬಿಟ್ಟಿತ್ತೋ ಅವರದೆಲ್ಲ ತಾವೇ ಕೂತು ಹೊಲಿದುಕೊಟ್ರು, ನಿನ್ನ ಹೆಸರು ಕೆಡಬಾರದು ಅಂತ."

ಬಂಧುಗಳೇ, ಆ ಗೇಣು ಯಾಕೆ ಮೆದುವಾಗಿರಬೇಕು ಎಂದು ನಾನು ನಿಮಗೆಲ್ಲ ಹೇಳಿದ್ದೆ. ಅವರಿಗೆ ಮಾತ್ರ ಹೇಳಿರಲಿಲ್ಲ. ಮನೆಯವರಿಗೆ ಬೇರೆ ಹೇಳಬೇಕೇ ಎಂದುಕೊಂಡಿದ್ದೆ. ಹೇಳಬೇಕಾದರೆ ಮೊದಲು ಮಾತಾಡಬೇಕಲ್ಲ. ಇರಲಿ, ಅದು ನಮ್ಮ ಮನೆಯ ವಿಷಯ, ಇಲ್ಲಿ ಬೇಡ.

ನಿನ್ನೆ ಮಧ್ಯಾಹ್ನ ನಾನು ಸ್ಟ್ಯಾಂಡಿಗೆ ಬಂದು ಬಾಗಿಲು ತೆರೆದಿದ್ದ ಕಾರುಗಳ ಸೀಟು ಸವರಿಕೊಂಡು ಹೋದೆ. ಈ ಹೆಂಗಸಿಗೆ ಸನ್ಮಾನದ ಅಮಲು ಏರಿದೆ ಎಂದು ನೀವು ನಕ್ಕಿರಿ, ನನಗೆ ಕೇಳಿಸಿತು. ನಾನು ಮುಟ್ಟಿದ ಕಾರುಗಳಲ್ಲಿ ಹೆಚ್ಚಿನವುಗಳಲ್ಲಿ ಅದೇ ನೈಲಾನ್, ಅದೇ ಅಚ್ಚುಕಟ್ಟು. ವರ್ಷವಿಡೀ ಒಂದೂ ಹೊಲಿಗೆ ಬಿಚ್ಚಲಿಲ್ಲ ಎಂದು ಬರೆಸಿದ್ದೀರಲ್ಲ, ಹೇಗೆ ಬಿಚ್ಚೀತು?

ಈಗ ನಾನು ಕೇಳಿಕೊಳ್ಳುವುದು, ಅಲ್ಲ, ಹೇಳುವುದು ಇಷ್ಟು. ಮೈದಾನದ ಗೇಟಿಗೆ ಬೀಗ ಹಾಕಿಸಿದ್ದೇನೆ. ಕಾವಲುಗಾರ ನನ್ನ ಹಳೆಯ ಗಿರಾಕಿ, ನೀವು ಎಷ್ಟು ಕೂಗಾಡಿದರೂ ತೆಗೆಯುವುದಿಲ್ಲ. ಅಧ್ಯಕ್ಷರೇ, ನಿಮ್ಮನ್ನು ಕೇಳದೆ ಮಾಡಿದೆ, ಕೇಳಿದ್ದರೆ ನೀವು ಸಭೆ ಸೇರಿಸಿ ಚರ್ಚೆ ಮಾಡೋಣ ಅನ್ನುತ್ತಿದ್ದಿರಿ. ನನ್ನ ಅಂಗಡಿಯ ಹೆಣ್ಣುಮಕ್ಕಳು ಬ್ಲೇಡ್ ಹಿಡಿದು ಹೊರಗೆ ನಿಂತಿದ್ದಾರೆ. ಊಟಕ್ಕೆ ಮುಂಚೆ ಪ್ರತಿ ಕಾರಿನ ಮುಂದಿನ ಎರಡೂ ಸೀಟನ್ನು ನೋಡುತ್ತಾರೆ, ನೈಲಾನ್ ಇದ್ದರೆ ಅಲ್ಲೇ ಕತ್ತರಿಸುತ್ತಾರೆ. ಹಿಂದಿನ ಸೀಟಿನಲ್ಲಿ ಹೂತುಹೋದ ಬಕಲ್‌ಗಳನ್ನು ಮೇಲೆತ್ತುತ್ತಾರೆ. ಬರೀ ಕೊಕ್ಕೆ ಸಿಕ್ಕಿದರೆ ಕಿತ್ತು ನನಗೆ ತಂದು ಕೊಡುತ್ತಾರೆ, ಮೂರನೆಯ ಸಾಲಿನವರು ಈಗಲೇ ಹೋಗಿ ತೆಗೆಯಬೇಕೆಂದಿಲ್ಲ, ಕುಳಿತುಕೊಳ್ಳಿ.

ಎಲ್ಲ ಕಾರಿಗೂ ಮತ್ತೆ ಮೆದು ದಾರ ಹಾಕಲು ನನಗೆ ದಿನಗಳು ಬೇಕು. ಅಲ್ಲಿಯವರೆಗೆ ಸೀಟುಗಳು ಬಾಯಿ ಬಿಟ್ಟುಕೊಂಡು ಕಾಣುತ್ತವೆ. ಕಾಣಲಿ. ಪ್ರಯಾಣಿಕರು ಮೂಗು ಮುರಿದರೆ ನನ್ನ ಅಂಗಡಿ ತೋರಿಸಿ. ಆ ಮುದುಕಿಗೆ ಹೊಲಿಯಲು ಬರುವುದಿಲ್ಲ ಎಂದು ಬೇಕಾದರೂ ಹೇಳಿ. ಇಷ್ಟು ವರ್ಷ ಗಳಿಸಿದ ಹೆಸರು ಹೋಗುತ್ತದೆ ಎಂದು ನನಗೆ ಹೊಟ್ಟೆ ಉರಿಯುವುದಿಲ್ಲವೇ? ಉರಿಯುತ್ತದೆ. ಆದರೆ ಆ ಹೆಸರನ್ನು ಇಟ್ಟುಕೊಂಡು ಯಾರ ಶವದ ಮುಂದೆ ನಿಲ್ಲಲಿ? ಹೆಸರು ಹೋಗಲಿ, ನೀವು ಮನೆ ಸೇರಿ.

ಕೊನೆಯ ಮಾತು ಒಬ್ಬರಿಗೆ ಮಾತ್ರ. ಅಳಿಯಂದಿರೇ, ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದೀರಿ, ಹೋಗಬೇಡಿ, ಕೇಳಿ. ಬಸುರಿಗೆ ಅಮ್ಮನ ಮನೆಯಲ್ಲಿ ಇರಬೇಕು ಅನ್ನಿಸಿದೆ ಎಂದು ನಿನ್ನೆ ನಿಮಗೆ ಹೇಳಿ ಕಳಿಸಿದೆನಲ್ಲ, ಸುಳ್ಳು. ಅವಳು ನಿನ್ನೆ ಸಂಜೆಯಿಂದ ನಿಮ್ಮ ಜಪವನ್ನೇ ಮಾಡುತ್ತಿದ್ದಾಳೆ. ಆ ಹೊಲಿಗೆ ಇರುವವರೆಗೆ ಆ ಸೀಟಿನಲ್ಲಿ ಅವಳನ್ನು ಕೂರಿಸಲು ನನಗೆ ಧೈರ್ಯ ಬರಲಿಲ್ಲ, ಅದಕ್ಕೇ ತಡೆದೆ. ಹಾಗಿದ್ದರೆ ನಾನೇ ಕತ್ತರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬ್ಲೇಡ್ ಹಿಡಿದೆ. ಕೈ ಬರಲಿಲ್ಲ. ನನ್ನ ಕೆಲಸವನ್ನು ಹೊಗಳಿದವರು ಬೇಕಾದಷ್ಟು ಜನ ಇದ್ದಾರೆ. ನನ್ನ ಮಾನ ಉಳಿಸಲು ಸೂಜಿ ಹಿಡಿದು ಬೆರಳು ಚುಚ್ಚಿಸಿಕೊಂಡವರು ನೀವೊಬ್ಬರೇ. ನಾನು ನಿಮಗೆ ಒಂದು ಒಳ್ಳೆಯ ಮಾತನ್ನೂ ಆಡದಿದ್ದ ದಿನಗಳಲ್ಲಿ ನೀವು ಅದನ್ನು ಮಾಡಿದಿರಿ.

ಹಾಗಾಗಿ ಅದನ್ನು ನೀವೇ ಬಿಚ್ಚಿ. ಈಗಲೇ ಹೊರಡೋಣ, ನನ್ನ ಅಂಗಡಿ ಇಲ್ಲೇ ಹತ್ತಿರ, ನಿಮ್ಮ ಕಾರು ಇನ್ನೂ ಅದರ ಮುಂದೆಯೇ ಇದೆ, ನಾನು ಪಕ್ಕದಲ್ಲಿ ಕೂರುತ್ತೇನೆ. ಬಿಚ್ಚಿದ ಮೇಲೆ ಮೆದು ದಾರ ಕೊಡುತ್ತೇನೆ, ಎಷ್ಟು ದೂರಕ್ಕೆ ಒಂದು ಹೊಲಿಗೆ, ಎಲ್ಲಿ ಗಂಟು ಹಾಕಬಾರದು, ಎಲ್ಲ ಬಾಯಿಬಿಟ್ಟು ಹೇಳಿಕೊಡುತ್ತೇನೆ. ಆಮೇಲೆ ನೀವೇ ಹೊಲಿಯಿರಿ. ನಾನು ಎಳೆದು ನೋಡುವುದಿಲ್ಲ. ನಿಮ್ಮ ಹೊಲಿಗೆಯ ಪಕ್ಕದಲ್ಲಿ ನನ್ನ ಮಗಳನ್ನು ಕೂರಿಸಿ, ಬೆಲ್ಟ್ ಹಾಕಿ, ಬಾಗಿಲು ಮುಚ್ಚಿ, ಮನೆಗೆ ಕರಕೊಂಡು ಹೋಗಿ ಎಂದು ನಿಮಗೇ ಒಪ್ಪಿಸಿ ಕಳಿಸುತ್ತೇನೆ. ಮದುವೆಯ ದಿನ ನಾನು ಒಪ್ಪಿಸಿರಲಿಲ್ಲ.

ಹಸಿವು ತಡೆದುಕೊಂಡು ಕೇಳಿದ ನಿಮಗೆಲ್ಲ ನಾನು ಋಣಿ. ಊಟ ತಣ್ಣಗಾದರೆ ನನ್ನನ್ನೇ ಬೈದುಕೊಳ್ಳಿ, ಆದರೆ ಮೊದಲು ಕಾರುಗಳ ಬಾಗಿಲು ತೆಗೆದುಕೊಡಿ. ಎಲ್ಲರಿಗೂ ನಮಸ್ಕಾರ.